ದೊಡ್ಡಮ್ಮನ ಕಾರೂ ನಾವು ಆರೋಪಿಗಳೂ

ನನ್ನ ದೊಡ್ಡಮ್ಮನಿಗೆ ದೇವರ ಮೇಲೆ ಪೂರ್ತಿ ನಂಬಿಕೆಯಿದೆ. ಆದರೆ ಗುಡಿಯ ಹೊರಗೆ ಬಿಟ್ಟ ಚಪ್ಪಲಿಯನ್ನು ಆ ದೇವರು ನೋಡಿಕೊಳ್ಳುತ್ತಾನೆ ಎಂಬ ನಂಬಿಕೆ ಮಾತ್ರ ಎಳ್ಳಷ್ಟೂ ಇಲ್ಲ! ಹಲಸೂರಿನ ದೇವಸ್ಥಾನಕ್ಕೆ ಹೋದರೆ ಎಡಗಾಲಿನ ಚಪ್ಪಲಿಯನ್ನು ಗೋಪುರದ ಮೂಲೆಯಲ್ಲಿ ಬಿಡುತ್ತಾಳೆ, ಬಲಗಾಲಿನದನ್ನು ಹೂವಿನಂಗಡಿಯ ಬುಟ್ಟಿಯ ಹಿಂದೆ ಬಚ್ಚಿಡುತ್ತಾಳೆ. ಒಂಟಿ ಚಪ್ಪಲಿ ಕದ್ದು ಯಾವ ಕಳ್ಳ ಉದ್ಧಾರವಾದಾನು ಎಂಬುದು ಅವಳ ವಾದ. ಒಂದು ಸಲ ದರ್ಶನ ಮುಗಿಸಿ ಬರುವಷ್ಟರಲ್ಲಿ ಹೂವಿನವಳು ಬುಟ್ಟಿಯ ಜೊತೆಗೆ ಚಪ್ಪಲಿಯನ್ನೂ ಕಟ್ಟಿಕೊಂಡು ಊಟಕ್ಕೆ ಹೋಗಿಬಿಟ್ಟಿದ್ದಳು. ದೊಡ್ಡಮ್ಮ ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಬಂದು, ಗೆದ್ದವರ ಮುಖ ಮಾಡಿಕೊಂಡು ಹೇಳಿದಳು: "ನೋಡಿದ್ಯಾ? ಎರಡೂ ಒಂದೇ ಕಡೆ ಬಿಟ್ಟಿದ್ರೆ ಎರಡೂ ಹೋಗಿರೋದು!"

ಇದು ಹುಟ್ಟುಗುಣವೋ ಉದ್ಯೋಗದಿಂದ ಬಂದದ್ದೋ ಹೇಳುವುದು ಕಷ್ಟ. ನನ್ನ ಅಮ್ಮನ ಅಕ್ಕನಾದ ಈಕೆ ನಿವೃತ್ತಿಯಾಗುವವರೆಗೂ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವಳು. ಟಿಕೆಟ್ಟಿಲ್ಲದವರು ನಿದ್ದೆ ಬಂದವರಂತೆ ನಟಿಸುತ್ತಾರಲ್ಲ, ಅವರ ಮುಖವನ್ನು ಈಕೆ ನೋಡುತ್ತಲೇ ಇರಲಿಲ್ಲವಂತೆ. ಕಾಲ್ಬೆರಳು ನೋಡುತ್ತಿದ್ದಳಂತೆ! ನಿಜವಾಗಿ ನಿದ್ದೆ ಹೋದವನ ಕಾಲ್ಬೆರಳು ಸಡಿಲವಾಗಿರುತ್ತದೆ, ಕಳ್ಳನದು ಬಿಗಿಯಾಗಿರುತ್ತದೆ. ಇಂಥವಳನ್ನು ಮದುವೆಯಾಗಲು ಬಂದವರ ಗತಿ ಏನಾಗಬೇಡ? ಒಬ್ಬ ವರ ಉಪ್ಪಿಟ್ಟು ತಿನ್ನುತ್ತಿದ್ದಾಗ ಈಕೆ ಫ್ಯಾನನ್ನು ಜೋರು ಮಾಡಿ, ಅವನ ತಲೆಗೂದಲು ಹಾರುತ್ತದೋ ಇಲ್ಲವೋ ಎಂದು ದಿಟ್ಟಿಸುತ್ತ ನಿಂತಳಂತೆ. ಕೂದಲು ನಿಜವಾದದ್ದೇ ಆಗಿತ್ತು, ಹಾರಿದ್ದು ವರ! ಅಲ್ಲಿಂದೀಚೆಗೆ ಮದುವೆಯ ಮಾತು ಎತ್ತಿದರೆ, "ತಪಾಸಣೆ ತಡ್ಕೊಳ್ದೇ ಇರೋನು ಸಂಸಾರ ತಡ್ಕೊಳ್ತಾನಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹೀಗಾಗಿ ಅವಳ ಸಂಬಳದಲ್ಲಿ ಮನೆಗೆ ಬಂದದ್ದು ಗಂಡನಲ್ಲ, ಒಂದು ಸೆಕೆಂಡ್ ಹ್ಯಾಂಡ್ ಕಾರು. ಅದೂ ಈಗ ಹಳೆಯದಾಗಿದೆ. ರಾಮಮೂರ್ತಿ ನಗರದ ನಮ್ಮ ಮನೆಯಲ್ಲಿ ಕೆಳಗೆ ದೊಡ್ಡಮ್ಮ, ಮೇಲೆ ನಾನೂ ನನ್ನ ಹೆಂಡತಿಯೂ, ಗೇಟಿನ ಒಳಗೆ ಆ ಕಾರು. ಎಲ್ಲರೂ ಸುಖವಾಗಿಯೇ ಇದ್ದೆವು, ಕಾರು ನಡುಗಲು ಶುರುಮಾಡುವವರೆಗೆ.

ಓಡುವಾಗ ಸರಿಯಾಗಿಯೇ ಓಡುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಮಲೇರಿಯಾ ಬಂದವರಂತೆ ಗಡಗಡ ನಡುಗುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿಯೂ ತಲೆ ಅಲ್ಲಾಡಿಸುತ್ತಿದ್ದ. ಆಮೇಲೆ ಎರಡು ಸಲ ಕೆಮ್ಮಿ ಇಂಜಿನ್ ಆಫ್! ಬೇರೆಯವರಾಗಿದ್ದರೆ ಕಾರಿಗೆ ವಯಸ್ಸಾಯಿತು ಅನ್ನುತ್ತಿದ್ದರು. ದೊಡ್ಡಮ್ಮ ಅನ್ನುತ್ತಾಳೆಯೇ? "ಯಾರೋ ಏನೋ ಮಾಡಿದಾರೆ ಕಣೋ" ಅಂದಳು.

ಮೊದಲ ಆರೋಪಿ ಪೆಟ್ರೋಲ್ ಬಂಕ್. ಪೆಟ್ರೋಲಿಗೆ ಏನೋ ಬೆರೆಸುತ್ತಿದ್ದಾರೆ ಎಂದು ತೀರ್ಮಾನಿಸಿದ ದೊಡ್ಡಮ್ಮ ನನ್ನನ್ನೂ ಎಳೆದುಕೊಂಡು ಹೋಗಿ, ಪರೀಕ್ಷೆಗೆ ಫಿಲ್ಟರ್ ಪೇಪರ್ ಕೊಡಿ ಎಂದು ಪಟ್ಟು ಹಿಡಿದಳು. ಪೇಪರಿನ ಮೇಲೆ ಒಂದು ಹನಿ ಪೆಟ್ರೋಲ್ ಬಿಟ್ಟರೆ ಕಲೆ ಉಳಿಯದೆ ಆರಬೇಕು, ಉಳಿದರೆ ಕಲಬೆರಕೆ. ಪಾಪ, ಬಂಕಿನ ಹುಡುಗಿ ಕೊಟ್ಟಳು. ದೊಡ್ಡಮ್ಮ ಹನಿ ಬಿಟ್ಟು, ಪೇಪರನ್ನು ಬಿಸಿಲಿಗೆ ಹಿಡಿದು ನಿಂತಳು. ಹಿಂದೆ ಕೆ.ಆರ್.ಪುರದ ಕಡೆಗೆ ಹೊರಟಿದ್ದ ಆಟೋಗಳೆಲ್ಲ ಹಾರ್ನ್ ಹೊಡೆಯತೊಡಗಿದವು. ಪೇಪರ್ ಆರಿತು. ಹುಡುಕಿದರೂ ಒಂದು ಚುಕ್ಕೆ ಕಲೆಯಿಲ್ಲ.

"ನೋಡಿ ಆಂಟಿ, ಪ್ಯೂರ್ ಇದೆ" ಅಂದಳು ಹುಡುಗಿ.

ದೊಡ್ಡಮ್ಮ ಪೇಪರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅದೆಲ್ಲ ಸರಿ ಕಣಮ್ಮಾ. ಈ ಪೇಪರ್ ಎಲ್ಲಿಂದ ತರ್ಸಿದ್ದು?"

ಎರಡನೆಯ ಆರೋಪಿಯ ಹೆಸರು ಹೇಳಲು ನನಗೆ ಸ್ವಲ್ಪ ಸಂಕೋಚ. ಯಾಕೆಂದರೆ ಅದು ನಾನೇ! ಹಿಂದೊಮ್ಮೆ ಮಾತಿನ ಭರದಲ್ಲಿ, "ಈ ಕಾರು ಮಾರಿ ಆರಾಮಾಗಿ ಕ್ಯಾಬಲ್ಲಿ ಓಡಾಡು ದೊಡ್ಡಮ್ಮಾ" ಅಂದಿದ್ದೆ. ಅಂದರೆ ಉದ್ದೇಶ ಸಿಕ್ಕಿತಲ್ಲ! ಕಾರು ಕೆಟ್ಟರೆ ಮಾರಬೇಕಾಗುತ್ತದೆ, ಮಾರಿದರೆ ಗೇಟಿನ ಒಳಗಿನ ಜಾಗ ನನ್ನ ಬೈಕಿಗೆ ಸಿಗುತ್ತದೆ. ಸಾಕ್ಷಿಯೊಂದು ಬಾಕಿ. ಒಂದು ರಾತ್ರಿ ಕಾರಿನ ಸುತ್ತಲೂ ರಂಗೋಲಿ ಪುಡಿ ಸುರಿದು ಮಲಗಿದಳು. ಬೆಳಗ್ಗೆ ನೋಡಿದರೆ ಪುಡಿಯ ಮೇಲೆ ಸ್ಪಷ್ಟವಾಗಿ ಚಪ್ಪಲಿ ಗುರುತು! ನನ್ನ ಚಪ್ಪಲಿ, ನನ್ನ ಹೆಂಡತಿಯದು, ಹಾಲಿನವನದು, ಎದುರುಮನೆಯ ರಾಯಚೂರಿನ ಕಡೆಯವರದು, ಎಲ್ಲವನ್ನೂ ತರಿಸಿ ಅಳತೆ ನೋಡಿದಳು. ಎದುರುಮನೆಯವರು ಬಲು ಸಂಭಾವಿತರು. "ಮತ್ತ ಬೂಟೂ ತರ್ಲೇನ್ರೀ ಅಮ್ಮಾರ?" ಎಂದು ವಿನಯದಿಂದ ಕೇಳಿದರು. ಯಾರದೂ ಹೊಂದಲಿಲ್ಲ. ಕೊನೆಗೆ ನನ್ನ ಹೆಂಡತಿ ಮೆಲ್ಲಗೆ, "ದೊಡ್ಡಮ್ಮಾ, ಪುಡಿ ಹಾಕಿದ್ಮೇಲೆ ನೀವು ಆಚೆ ಬಂದಿದ್ದು ಹೇಗೆ?" ಅಂದಳು. ಗುರುತು ದೊಡ್ಡಮ್ಮನದೇ! ಅವಳು ಸೋತಳೆಂದುಕೊಂಡಿರಾ? "ಪೊಲೀಸ್ರೂ ಮೊದ್ಲು ಮನೆಯವರನ್ನೇ ಹಿಡಿಯೋದು" ಎಂದು ಒಳಗೆ ಹೋದಳು.

ಉಳಿದದ್ದು ಮೆಕ್ಯಾನಿಕ್. ಶಿವಾಜಿನಗರದ ಒಂದು ಓಣಿಯಲ್ಲಿ, ಬಿರಿಯಾನಿ ಹೋಟೆಲಿನ ಹಿಂದೆ ಗ್ಯಾರೇಜು ಇಟ್ಟಿರುವ ಭಾಯ್ ಒಬ್ಬರಿದ್ದಾರೆ. ಅವರು ಕಾರ್ಬುರೇಟರ್ ಬಿಚ್ಚಿ ತೊಳೆದರು, ಪ್ಲಗ್ಗುಗಳನ್ನು ಬದಲಾಯಿಸಿದರು. ದೊಡ್ಡಮ್ಮ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತು, ಹೊಸ ಪ್ಲಗ್ಗುಗಳಿಗೆಲ್ಲ ತಲಾ ಒಂದು ಚುಕ್ಕೆ ನೈಲ್ ಪಾಲಿಶ್ ಹಚ್ಚಿದಳು. ಕಣ್ಣು ಮಿಟುಕಿಸುವುದರಲ್ಲಿ ಹಳೆಯದನ್ನೇ ಮತ್ತೆ ಹಾಕಿಬಿಟ್ಟರೆ?

"ಅರೇ ಮೇಡಂ, ಇದಕ್ಕೆ ಲಿಪ್‌ಸ್ಟಿಕ್ಕೂ ಹಚ್ಬಿಡಿ" ಅಂದರು ಭಾಯ್.

"ನೀವು ಕೆಲ್ಸ ನೋಡಿ ಭಾಯ್. ನಾನು ನಿಮ್ಮನ್ನ ನೋಡ್ತೀನಿ."

ಗ್ಯಾರೇಜಿನಲ್ಲಿ ಇಂಜಿನ್ ಒಂದಿಷ್ಟು ಸುಧಾರಿಸಿದಂತೆ ಕಂಡಿತು. ಹೊರಟೆವು. ಹಲಸೂರಿನ ಸಿಗ್ನಲ್ಲಿನಲ್ಲಿ ದೊಡ್ಡಮ್ಮ ಬ್ರೇಕ್ ಒತ್ತಿದ್ದೇ ತಡ, ಗಡಗಡ, ಕೆಮ್ಮು, ಆಫ್! ಪಕ್ಕದ ಆಟೋದವನು ತಲೆ ಹೊರಗೆ ಹಾಕಿ, "ಏನಕ್ಕಾ, ಇಲ್ಲೇ ಮನೆ ಕಟ್ಬಿಡ್ತೀರಾ?" ಎಂದ. ದೊಡ್ಡಮ್ಮ ಕಿಟಕಿಯಿಂದ ಕೈ ಚಾಚಿ, ಹಳೆಯ ಅಭ್ಯಾಸಬಲದಿಂದ, "ಟಿಕೆಟ್ ತೋರ್ಸು" ಅಂದುಬಿಟ್ಟಳು! ಆ ದನಿ ಹೇಗಿತ್ತೆಂದರೆ ಅವನು ಜೇಬಿಗೆ ಕೈ ಹಾಕಿಯೇಬಿಟ್ಟಿದ್ದ.

ನಗುವ ವಿಷಯ ಅಲ್ಲಿಗೆ ಮುಗಿಯಿತು. ಮರುವಾರ ಕೆ.ಆರ್.ಪುರದ ಸೇತುವೆಯ ಇಳಿಜಾರಿನಲ್ಲಿ ಮುಂದಿದ್ದ ಬಸ್ಸು ನಿಂತಿತು. ದೊಡ್ಡಮ್ಮ ಬ್ರೇಕ್ ಒತ್ತಿದಳು, ಇಂಜಿನ್ ಆಫ್ ಆಯಿತು, ಆದರೆ ಕಾರು ನಿಲ್ಲಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ನಾನು ನೋಡುತ್ತಿದ್ದೇನೆ: ಅವಳು ಸೀಟಿನಿಂದ ಅರ್ಧ ಎದ್ದು, ಎರಡೂ ಪಾದಗಳನ್ನು ಬ್ರೇಕಿನ ಮೇಲಿಟ್ಟು ಹಲ್ಲು ಕಚ್ಚಿ ತುಳಿಯುತ್ತಿದ್ದಾಳೆ. ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಬಸ್ಸಿನ ಹಿಂಭಾಗದ ಕೊಳೆ ನಮ್ಮ ಬಾನೆಟ್ಟಿಗೆ ತಗಲುವಷ್ಟು ಹತ್ತಿರ ಹೋಗಿ ನಿಂತೆವು. ಬಸ್ಸಿನವನ ಮೇಲೆ ಬೈಗುಳ ಸುರಿಯುತ್ತಾಳೆ ಎಂದು ಕಾದೆ. ಅವಳು ಬಗ್ಗಿ ಮೊಣಕಾಲು ನೀವಿಕೊಳ್ಳುತ್ತಿದ್ದಳು. ಅಂದು ಸಂಜೆ ಮಹಡಿ ಹತ್ತಿ ಬಂದು ಕಾರಿನ ಕೀಯನ್ನು ನಮ್ಮ ಊಟದ ಮೇಜಿನ ಮೇಲಿಟ್ಟಳು.

"ಮಾರ್ಬಿಡು."

"ಯಾಕೆ ದೊಡ್ಡಮ್ಮಾ? ಇನ್ನೊಂದ್ಸಲ ತೋರ್ಸೋಣ."

"ಮಾರ್ಬಿಡು ಅಂದ್ನಲ್ಲ."

ಯಾರನ್ನೂ ದೂರದೆ, ಯಾವ ತನಿಖೆಗೂ ಇಳಿಯದೆ ದೊಡ್ಡಮ್ಮ ಸೋಲೊಪ್ಪಿಕೊಳ್ಳುವುದೆಂದರೆ! ಈಗ ಅನುಮಾನ ಪಡುವ ಸರದಿ ನನ್ನದಾಯಿತು.

ಕೊಳ್ಳಲು ಕಲ್ಯಾಣ ನಗರದಿಂದ ಒಬ್ಬ ಬಂದ. ಹಳೆಯ ಕಾರುಗಳ ಹುಚ್ಚಿನವನಂತೆ, ಮಾತು ಬಹಳ ಸಿಹಿ. ಕಾರು ನಡುಗುತ್ತದೆ, ನಿಂತುಹೋಗುತ್ತದೆ ಎಂದು ನಾನೇ ಹೇಳಿದೆ. ಅವನು ಬಾನೆಟ್ ಎತ್ತಿಸಿ, ಇಂಜಿನ್ ಚಾಲೂ ಮಾಡಿಸಿ, ತಲೆ ಒಳಗೆ ತೂರಿಸಿ ಸ್ವಲ್ಪ ಹೊತ್ತು ಹಾಗೇ ಇದ್ದ. ತಲೆ ಹೊರಗೆ ತೆಗೆದಾಗ ಮುಖದಲ್ಲಿ ಒಂದು ಸಣ್ಣ ನಗು.

"ಪರ್ವಾಗಿಲ್ಲ ಆಂಟಿ. ನೀವೇನೂ ರಿಪೇರಿ ಮಾಡ್ಸೋಕೆ ಹೋಗ್ಬೇಡಿ. ಹೆಂಗಿದೆಯೋ ಹಂಗೇ ಕೊಟ್ಬಿಡಿ."

ಮೆಟ್ಟಿಲ ಮೇಲೆ ಮಂಕಾಗಿ ಕುಳಿತಿದ್ದ ದೊಡ್ಡಮ್ಮ ತಲೆ ಎತ್ತಿದಳು. ಆ ನೋಟ ನನಗೆ ಗೊತ್ತು. ಅವಳು ನೋಡಿದ್ದು ಅವನ ಮುಖವನ್ನಲ್ಲ, ಸ್ಯಾಂಡಲ್ಸ್ ಹಾಕಿದ್ದ ಅವನ ಕಾಲ್ಬೆರಳನ್ನು!

"ಏನು ಕೇಳಿಸ್ಕೊಂಡೆಯಪ್ಪಾ ಒಳಗೆ?"

"ಏನಿಲ್ಲ ಆಂಟಿ, ಸುಮ್ನೆ..."

"ಏನಿಲ್ಲದ್ದನ್ನ ಅಷ್ಟೊತ್ತು ಯಾರಾದ್ರೂ ಕೇಳಿಸ್ಕೊಳ್ತಾರಾ?"

ಸೆರಗು ಸಿಕ್ಕಿಸಿ ಎದ್ದು ಬಂದು ತಾನೂ ತಲೆ ಒಳಗೆ ತೂರಿಸಿದಳು. ನಾನೂ ಬಗ್ಗಿದೆ. ಇಂಜಿನ್ನಿನ ಗದ್ದಲದ ಕೆಳಗೆ, ಕಿವಿಗೊಟ್ಟರೆ ಮಾತ್ರ, ಕುಕ್ಕರಿನ ವಿಷಲ್ ಬರುವ ಮುಂಚಿನ 'ಸ್ಸ್' ಎಂಬಂಥ ಸದ್ದು. ದೊಡ್ಡಮ್ಮ ಒಂದೊಂದೇ ರಬ್ಬರ್ ಪೈಪನ್ನು ಬೆರಳಿಂದ ಒತ್ತುತ್ತ ಹೋದಳು. ಹಿಂದುಗಡೆ ಒಂದು ದಪ್ಪ ಪೈಪಿತ್ತು. ಅದನ್ನು ಬಗ್ಗಿಸಿ ಹಿಂಡಿದಳು ನೋಡಿ, ಸದ್ದು ನಿಂತಿತು, ನಡುಕ ನಿಂತಿತು, ಇಂಜಿನ್ ಹೊಲಿಗೆ ಯಂತ್ರದಂತೆ ಸಮನಾಗಿ ಓಡತೊಡಗಿತು. ಬಿಟ್ಟಳು, ಗಡಗಡ. ಹಿಂಡಿದಳು, ಶಾಂತ.

"ಇದು ನಿಂಗೆ ಗೊತ್ತಾಯ್ತು, ಅಲ್ವಾ?" ಎಂದಳು.

ಅವನಿಗೆ ನಿಜವಾಗಿ ಗೊತ್ತಾಗಿತ್ತೋ ಇಲ್ಲವೋ, ದೇವರಾಣೆಗೂ ನನಗೆ ತಿಳಿಯದು. ಇನ್ನೊಂದು ಕಾರು ನೋಡುವುದಿದೆ ಎಂದು ಹೇಳಿ ಅವಸರದಲ್ಲಿ ಹೊರಟುಹೋದ. ಜನ್ಮವೆಲ್ಲ ಪಟ್ಟ ಅನುಮಾನಗಳಲ್ಲಿ ಒಂದಾದರೂ ಹೀಗೆ ಫಲ ಕೊಟ್ಟಿತಲ್ಲ! ದೊಡ್ಡಮ್ಮನ ಗತ್ತು ನೋಡಬೇಕಿತ್ತು.

ಮೆಲ್ಲಗೆ ಓಡಿಸಿಕೊಂಡು ಶಿವಾಜಿನಗರಕ್ಕೆ ಹೋದೆವು. ಭಾಯ್ ಆ ಪೈಪನ್ನು ಬಿಚ್ಚಿ ತಿರುಗಿಸಿದರೆ ಅಡಿಯಲ್ಲಿ ಬೆರಳುದ್ದ ಸೀಳು. ಮೇಲಿನಿಂದ ನೋಡಿದವರಿಗೆ ಕಾಣುವಂತಿರಲಿಲ್ಲ. "ನಾನೂ ನೋಡ್ಲಿಲ್ಲ ಮೇಡಂ, ತಪ್ಪಾಯ್ತು" ಎಂದು ಭಾಯ್ ಕಿವಿ ಹಿಡಿದುಕೊಂಡರು. "ಈ ಸೀಳಲ್ಲಿ ಲೆಕ್ಕಕ್ಕಿಲ್ಲದ ಗಾಳಿ ಇಂಜಿನ್ ಒಳಗೆ ಹೋಗ್ತಿತ್ತು. ಅದಕ್ಕೇ ನಡುಕ, ಅದಕ್ಕೇ ಬಂದ್."

"ಟಿಕೆಟ್ಟಿಲ್ಲದ ಗಾಳಿ ಅನ್ನಿ" ಎಂದಳು ದೊಡ್ಡಮ್ಮ, ಬಹಳ ಖುಷಿಯಿಂದ.

ಹೊಸ ಪೈಪು ಕೂರಿಸುತ್ತ ಭಾಯ್ ಹೇಳಿದರು: "ಇದು ಬ್ರೇಕಿಗೆ ಹೋಗೋ ಪೈಪು. ಬ್ರೇಕ್ ಒತ್ತುವಾಗ ಕಾಲಿಗೆ ಇಂಜಿನ್ನಿಂದ ಸಹಾಯ ಸಿಗೋದು ಇದರಲ್ಲೇ. ಇಷ್ಟು ದಿನ ಬ್ರೇಕು ಕಲ್ಲಿನ ಥರಾ ಇದ್ದಿರಬೇಕಲ್ಲ?"

ದೊಡ್ಡಮ್ಮನ ಮುಖದ ನಗು ಹಾಗೇ ನಿಂತಿತು.

"ಬ್ರೇಕ್ ಗಟ್ಟಿಯಾಗಿದ್ದಿದ್ದು ಇದರಿಂದಾನಾ?"

"ಮತ್ತೆ?"

"ಕಾಲಲ್ಲಿ ಶಕ್ತಿ ಇರೋರಿಗೂ ಹಂಗೇ ಆಗತ್ತಾ?"

"ಪೈಲ್ವಾನ್ ಬಂದ್ರೂ ಅಷ್ಟೇ ಮೇಡಂ."

ದೊಡ್ಡಮ್ಮ ಪೈಪಿಗೆ ನೈಲ್ ಪಾಲಿಶ್ ಹಚ್ಚುವುದನ್ನೂ ಮರೆತಳು. ಬಂದು ಡ್ರೈವರ್ ಸೀಟಿನಲ್ಲಿ ಕುಳಿತು, ಇಂಜಿನ್ ಚಾಲೂ ಮಾಡದೆ, ಬಲಗಾಲಿನಿಂದ ಬ್ರೇಕನ್ನು ಒಂದೆರಡು ಸಲ ಒತ್ತಿದಳು. ಆಮೇಲೆ ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ನನ್ನ ಕಡೆ ನೋಡದೆ ಹೇಳಿದಳು:

"ನಿಮ್ಮಮ್ಮಂಗೂ ಹಿಂಗೇ ಅಲ್ವೇನೋ ಶುರುವಾಗಿದ್ದು. ಮೊದ್ಲು ಬಲಗಾಲು."

ಅಮ್ಮನ ಕಾಲಿನ ಶಕ್ತಿ ಮೊದಲು ಹೋಯಿತು, ಆಮೇಲೆ ಕೈಯದು, ಕೊನೆಗೆ ನುಂಗುವ ಶಕ್ತಿಯೂ. ಹಾಸಿಗೆ ಹಿಡಿದ ಅವಳನ್ನು ಕೊನೆಯುಸಿರಿನವರೆಗೂ ಎತ್ತಿ ಕೂರಿಸಿ, ಮಲಗಿಸಿ ನೋಡಿಕೊಂಡವರು ನಾವಿಬ್ಬರೇ, ನಾನು ಮತ್ತು ದೊಡ್ಡಮ್ಮ. ಬಂಕಿನವರನ್ನು, ನನ್ನನ್ನು, ಭಾಯ್ ಅವರನ್ನು ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದ ದಿನಗಳಲ್ಲೆಲ್ಲ ಈ ಹೆಂಗಸು ಒಳಗೊಳಗೇ ಅನುಮಾನ ಪಟ್ಟದ್ದು ತನ್ನ ಕಾಲಿನ ಮೇಲೆ.

"ನಂಗ್ಯಾಕೆ ಹೇಳ್ಲಿಲ್ಲ ದೊಡ್ಡಮ್ಮಾ?"

"ಹೇಳಿ? ಅದನ್ನೆಲ್ಲ ಇನ್ನೊಂದ್ಸಲ ನೋಡ್ಬೇಕಲ್ಲ ನೀನು."

ಕೀ ತಿರುಗಿಸಿದಳು. ಇಂಜಿನ್ ಸದ್ದೇ ಇಲ್ಲದಂತೆ ಚಾಲೂ ಆಯಿತು. ಹಲಸೂರು ದಾಟಿತು, ಇಂದಿರಾನಗರ ದಾಟಿತು. ಪ್ರತಿ ಸಿಗ್ನಲ್ಲಿನಲ್ಲೂ ಅವಳ ಪಾದ ಬ್ರೇಕಿನ ಮೇಲೆ ಹಗುರಾಗಿ ಕೂರುತ್ತಿತ್ತು, ಕಾರು ಹೇಳಿದ ಮಾತು ಕೇಳುತ್ತಿತ್ತು. ಮನೆಗೆ ತಿರುಗಬೇಕಾದ ಕಡೆ ದೊಡ್ಡಮ್ಮ ತಿರುಗಲಿಲ್ಲ. ಕೆ.ಆರ್.ಪುರದ ಸೇತುವೆ ಹತ್ತಿ, ಇಳಿದು, ಹೊಸಕೋಟೆಯ ರಸ್ತೆಯಲ್ಲಿ ನೆಟ್ಟಗೆ ಹೊರಟಳು.

"ಎಲ್ಲಿಗೆ ದೊಡ್ಡಮ್ಮಾ?"

"ಎಲ್ಲಿಗೂ ಇಲ್ಲ. ಒಂಚೂರು ಓಡಿಸ್ತೀನಿ ಕಣೋ."

ನಾನು ಹೆಂಡತಿಗೆ ಫೋನ್ ಮಾಡಿ, ಊಟಕ್ಕೆ ನಮ್ಮಿಬ್ಬರನ್ನು ಕಾಯಬೇಡ ಎಂದೆ.