ಬಿಂದುಮಾಧವ ತಿದ್ದಿದ ಸಿನಿಮಾ

ಎಲ್ಲ ಶುರುವಾದದ್ದು ರಾಧಾಬಾಯಿಯವರ ಒಂದು ಚೇಷ್ಟೆಯ ಮಾತಿನಿಂದ.

ಆಗಿನ್ನೂ ಸಿನಿಮಾಕ್ಕೆ ಬಾಯಿ ಬಂದಿರಲಿಲ್ಲ. ಪುಣೆಯ ಒಂದು ಥಿಯೇಟರಿನಲ್ಲಿ ಪರದೆಯ ಪಕ್ಕ ನಿಂತು ಮರಾಠಿಯಲ್ಲಿ ಕತೆ ಹೇಳುವುದು ಧಾರವಾಡದ ಬಿಂದುಮಾಧವನ ಕೆಲಸ. ಪರದೆಯ ಮೇಲಿನ ಬರಹ ಓದಲು ಬಾರದವರಿಗೆ ಅವನು ಹೇಳಿದ್ದೇ ಸಿನಿಮಾ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಹೀಗಾಗಿ ಎರಡನೇ ಇಯತ್ತೆ ಓದುತ್ತಿದ್ದ ಮಗಳು ಭಾಮಾಳ ಕೈಗೊಂದು ಶೇಂಗಾ ಉಂಡಿ ಕೊಟ್ಟು ಅವಳನ್ನೂ ಅಂದು ಕರೆದುಕೊಂಡು ಹೊರಟ.

ಅವರಿದ್ದ ವಾಡೆಯಲ್ಲೇ ಪಕ್ಕದ ಮನೆಯ ರಾಧಾಬಾಯಿ, ಕನ್ನಡದವರೇ, ಎರಡು ಕರವಸ್ತ್ರ ಹಿಡಿದು ಜೊತೆಯಾದರು. ಅಂದಿನ ಸಿನಿಮಾ ಬಡ ಅಪ್ಪ ಮಗಳನ್ನು ಸಾಹುಕಾರನಿಗೆ ಕೊಟ್ಟುಬಿಡುವ ಕತೆ. ಮನಸಾರೆ ಅಳಬೇಕೆಂದೇ ಅವರು ಹೊರಟಿದ್ದು. “ನಿಮ್ಮಪ್ಪನೂ ನಿನ್ನ ಹಿಂಗ ಕೊಟ್ಟಬಿಡ್ತಾನ ನೋಡವಾ,” ಎಂದು ಭಾಮಾಳ ಗಲ್ಲ ಚಿವುಟಿದರು. ಆ ಮಾತು ಬಿಂದುಮಾಧವನಿಗೇ ಚುಚ್ಚಿತು.

ಬಾಗಿಲಲ್ಲಿ ಮಾಲೀಕ ಮಧುಕರರಾಯರು, ಅವರೂ ಕನ್ನಡದವರೇ, ಬೆಳಗಾವಿ ಕಡೆಯವರು, ತಡೆದು ಹೇಳಿದರು: “ಇವತ್ತ ಮಂದಿ ಅಳಬೇಕು ನೋಡಪಾ. ಅಳಲಿಲ್ಲಂದ್ರ ನಾಳಿಂದ ನೀ ಬರೂದು ಬ್ಯಾಡ.”

ಪರದೆಯ ಮೇಲೆ ಅಪ್ಪ ಮಗಳ ಕೈಯನ್ನು ಸಾಹುಕಾರನ ಕೈಗಿಟ್ಟ. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಭಾಮಾ “ಅಪ್ಪಾ...” ಎಂದು ದೊಡ್ಡ ದನಿ ತೆಗೆದು ಅತ್ತಳು.

ಬಿಂದುಮಾಧವನಿಗೆ ನೌಕರಿ ನೆನಪಾಯಿತು. ಆಮೇಲೆ ಮರೆತೂ ಹೋಯಿತು.

“ಸಾಹುಕಾರ ಬೇರೆ ಯಾರೂ ಅಲ್ಲ, ಹುಡುಗಿಯ ಸೋದರಮಾವ,” ಎಂದು ಘೋಷಿಸಿದ. “ರಜೆಗೆ ಕರೆದೊಯ್ಯುತ್ತಿದ್ದಾನೆ. ಸೋಮವಾರ ವಾಪಸ್ಸು.”

ಪರದೆಯ ಅಪ್ಪ ಎದೆ ಬಡಿದುಕೊಂಡ. “ಭಜಿ ತಿಂದು ಎದೆಯುರಿ ಆಗಿದೆ,” ಎಂದ ಬಿಂದುಮಾಧವ. ಪರದೆಯ ಅಪ್ಪ ನೆಲಕ್ಕೆ ಬಿದ್ದು ಹೊರಳಾಡಿದ. “ಅಂಗಿಯ ಗುಂಡಿ ಹುಡುಕುತ್ತಿದ್ದಾನೆ.”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪರದೆಯ ಮುಂದೆ ಕೂತು ಸಿನಿಮಾಕ್ಕೆ ನುಡಿಸುತ್ತಿದ್ದ ತಬಲಾದವನ ತಾಳ ತಪ್ಪಿತು. ಭಾಮಾ ಅಳು ನಿಲ್ಲಿಸಿ ಬಾಯಿ ತೆರೆದು ಅಪ್ಪನನ್ನೇ ನೋಡುತ್ತಿದ್ದಳು. ಅವನಿಗೆ ಅಷ್ಟು ಸಾಕಾಗಿತ್ತು. ಇಂಥ ಅಪ್ಪನಿಗೆ ನನಗಂತೂ ಕೈಮುಗಿಯಬೇಕೆನಿಸುತ್ತದೆ.

ರಾಧಾಬಾಯಿಗೆ ಹಾಗೇನೂ ಅನಿಸಲಿಲ್ಲ. “ಎರಡೂ ಕರವಸ್ತ್ರ ಒಣಗೇ ಉಳದಾವ. ನನ್ನ ತಿಕೀಟಿನ ರೊಕ್ಕ ವಾಪಸ್ ಕೊಡ್ರಿ,” ಎಂದು ಮಾಲೀಕರ ಮುಂದೆ ನಿಂತರು. ಬಿಂದುಮಾಧವನ ನೌಕರಿ ಅಲ್ಲಿಗೇ ಮುಗಿಯಿತು.

ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಅವನು ಮನೆಯತ್ತ ನಡೆದ. “ನೌಕರಿ ಹೋದರ ಹೋಗ್ಲಿ. ನಿನ್ನ ಯಾರಿಗೂ ಕೊಡೂದಿಲ್ಲವಾ.”

“ನಂಗೊತ್ತದ,” ಎಂದಳು ಭಾಮಾ. “ಪರದೆ ಮ್ಯಾಲ ಬರದದ್ದು ನಾನೂ ಓದೀನಿ. ನೀ ಹೇಳಿದ್ದೆಲ್ಲಾ ಸುಳ್ಳು.”

“ಮತ್ತ ಯಾಕ ಅತ್ತಿ?”

“ನನ್ನ ಉಂಡಿ ಬೆಂಚಿನ ಕೆಳಗ ಬಿತ್ತು.” ಅವಳ ದನಿ ಮತ್ತೆ ನಡುಗಿತು. “ಇನ್ನೂ ಅಲ್ಲೇ ಅದ.”

ಬಿಂದುಮಾಧವ ಬಂದ ದಾರಿಯಲ್ಲೇ ಥಿಯೇಟರಿಗೆ ತಿರುಗಿ ಹೋದ.

“ಕಾಲು ಹಿಡೀಲಿಕ್ಕೆ ಬಂದ್ಯೇನು?” ಎಂದರು ಮಧುಕರರಾಯರು.

“ಇಲ್ರೀ, ಉಂಡಿ ಹುಡುಕಲಿಕ್ಕೆ ಬಂದೀನಿ. ಒಂದೀಟು ದೀಪಾ ಹಿಡೀತೀರೇನು?”