ಕೆಟ್ಟ ಸ್ಟೌ ಮಾರದ ನಮ್ಮ ಸೋದರಮಾವ

ನಮ್ಮ ಸೋದರಮಾವನಿಂದ ದುಡ್ಡು ವಾಪಸ್ಸು ಪಡೆದವರು ಇಡೀ ರಾಜಾಜಿನಗರದಲ್ಲಿ ಒಬ್ಬರೂ ಇರಲಿಲ್ಲ! ಐವತ್ತರ ದಶಕದಲ್ಲಿ ಅವರಿಗೆ ಅಲ್ಲೊಂದು ಸೀಮೆಎಣ್ಣೆಯ ಪಂಪ್ ಸ್ಟೌ ಅಂಗಡಿಯಿತ್ತು. ಹಾಗೆಂದು ಅವರು ಜಿಪುಣರೆ? ಖಂಡಿತ ಅಲ್ಲ. ತಾವು ಮಾರಿದ ಸ್ಟೌ ಸರಿಯಿಲ್ಲವೆಂದರೆ ಅವರಿಗೆ ಹೆತ್ತ ಮಗಳನ್ನು ಬೀಗರು ದೂರಿದಷ್ಟು ಸಂಕಟ. ತಕ್ಷಣ ಅಂಗಡಿಗೆ ಬೀಗ ಜಡಿದು, ಸೈಕಲ್ ಏರಿ, ಗಿರಾಕಿಯ ಅಡುಗೆಮನೆಗೇ ನುಗ್ಗಿಬಿಡುವರು!

ಒಮ್ಮೆ ಒಬ್ಬಾಕೆ ಬಂದು, "ಉರಿಯೋದೇ ಇಲ್ಲ ರೀ ಇದು, ದುಡ್ಡು ವಾಪಸ್ ಕೊಡಿ" ಎಂದು ಗದರಿದರು. ಮಾವ ಅವರ ಮನೆಗೆ ಹೋಗಿ, ಸ್ಟೌನ ಕಟ್ಟಿಕೊಂಡ ತೂತಿಗೆ ಪಿನ್ ಹಾಕಿ, ಪಂಪ್ ಹೊಡೆದು, ಅವರದೇ ರವೆಯಲ್ಲಿ ಉಪ್ಪಿಟ್ಟು ಕೆದಕಿ, ಎರಡು ತಟ್ಟೆ ತಿಂದರು.

"ಉಪ್ಪು ಜಾಸ್ತಿಯಾಯ್ತು" ಎಂದರಂತೆ ಆಕೆ.

"ಅದು ಸ್ಟೌ ತಪ್ಪಲ್ಲಮ್ಮ!" ಎಂದು ಮಾವ ಕೈತೊಳೆದು ಹೊರಟರಂತೆ.

ಕಾರ್ಖಾನೆಯ ಫೋರ್‌ಮನ್ ಒಬ್ಬರ ದೂರು ಬೇರೆ: "ಇದರ ಸದ್ದಲ್ಲಿ ನಮ್ಮನೆಯವಳು ಕೂಗಿದ್ದೇ ಕೇಳ್ಸಲ್ಲ."

"ಸಾರ್, ಇದನ್ನೇ ನಾಲ್ಕು ಜನಕ್ಕೆ ಹೇಳಿ, ಪುಣ್ಯ ಬರತ್ತೆ. ಹತ್ತು ಸ್ಟೌ ಮಾರ್ಕೋತೀನಿ!"

ಒಂದು ಭಾನುವಾರ ನಿವೃತ್ತ ಮೇಷ್ಟರೊಬ್ಬರು ಸ್ಟೌ ಹೊತ್ತು ಬಂದರು. "ಬರೀ ಹೊಗೆ, ಮಸಿ. ನನಗೆ ಬೇಡ. ದುಡ್ಡು ಕೊಟ್ಬಿಡಿ."

ಕಾಲೇಜು ಓದಲು ಮಾವನ ಮನೆಯಲ್ಲಿದ್ದ ನನ್ನನ್ನು, "ಸಾಕ್ಷಿಗೆ ಬಾರೇ" ಎಂದು ಮಾವ ಎಳೆದುಕೊಂಡು, ಸ್ಟೌ ಹೊತ್ತು ಮೇಷ್ಟರ ಜೊತೆ ಹೊರಟರು. ಮೇಷ್ಟರ ಅಡುಗೆಮನೆಯಲ್ಲಿ ಡಬ್ಬಿಗಳು ಓರಣವಾಗಿದ್ದವು. ಕೆಳಗೊಂದು ಮಸಿ ಹಿಡಿದ ಪಾತ್ರೆಯಲ್ಲಿ ಅರೆಬೆಂದ ಅನ್ನ. ಮಾವ ಕಡ್ಡಿ ಗೀರಿ ಪಂಪ್ ಹೊಡೆದರು. ಸ್ಟೌ ನೀಲಿಯಾಗಿ ಭೋರೆಂದಿತು. ಗೆದ್ದೆವೆಂದು ನಾನು ಹಲ್ಲು ಕಿರಿದೆ.

ಮೇಷ್ಟರು ಗೋಡೆ ನೋಡುತ್ತಾ, "ನಮ್ಮನೆಯವಳು ತೀರಿಹೋಗಿ ತಿಂಗಳಾಯ್ತು. ಅವಳಿದ್ದಾಗ ನಾನು ಒಂದು ದಿನಾನೂ ಈ ಒಲೆ ಹತ್ರ ಬಂದೋನಲ್ಲ" ಎಂದರು.

 ಮಾವ ಮೆಲ್ಲಗೆ ಸ್ಟೌನ ತಿರುಪು ಸಡಿಲಿಸಿ ಒಳಗಿನ ಗಾಳಿ ಹೊರಬಿಟ್ಟರು. ನಾನು ಕಣ್ಣಾರೆ ಕಂಡೆ.

"ನೋಡಿ, ಆರೇ ಹೋಯ್ತು! ನಿಮ್ಮ ಮಾತು ನಿಜ ಮೇಷ್ಟ್ರೇ, ಈ ಸ್ಟೌನಲ್ಲೇ ಏನೋ ದೋಷ ಇದೆ. ಸರಿಮಾಡೋಕೆ ತಿಂಗಳಾದ್ರೂ ಬೇಕು. ದಿನಾ ಬೆಳಿಗ್ಗೆ ಬಂದು ನೋಡ್ತೀನಿ. ಇವತ್ತು ಸಾರು ಇಟ್ಟು ಪರೀಕ್ಷೆ ಮಾಡೋಣ. ತೊಗರಿಬೇಳೆ ಎಲ್ಲಿದೆ?"

ಮೇಷ್ಟರಿಗೆ ಗೊತ್ತಿರಲಿಲ್ಲ. ಡಬ್ಬಿಗಳನ್ನು ಒಂದೊಂದಾಗಿ ತೆರೆಯತೊಡಗಿದರು. ಮಾವ ಪಕ್ಕದಲ್ಲಿ ನಿಂತು ಮೆಲುದನಿಯಲ್ಲಿ ಹೇಳಿಕೊಡುತ್ತಾ ಹೋದರು: "ಇದು ಕಡಲೆಬೇಳೆ... ಇದು ಉದ್ದು..."