ಮೊಳೆ ಹೊಡೆಯಬಹುದಾದ ಮನೆ

ಕೆಲವರಿಗೆ ಕೂಡಿಡುವ ಚಟವಿರುತ್ತದೆ, ನನಗೆ ಅಳಿಸುವ ಚಟ. ಫೋನಿಗೆ ಬಂದ ಶುಭೋದಯದ ಚಿತ್ರಗಳನ್ನು ಕಾಫಿ ಆರುವ ಮೊದಲೇ ಅಳಿಸಿಬಿಡುತ್ತೇನೆ. ಹಾಗಾಗಿ ಭಾವಮೈದುನ ಕಣ್ಣಿಗೆ ಕಟ್ಟಿಕೊಂಡರೆ ಬೇರೆಯೇ ಲೋಕ ತೋರಿಸುವ ತನ್ನ ಹಳೆಯ ವಿಆರ್ ಹೆಡ್‌ಸೆಟ್ಟನ್ನು ಬಸವೇಶ್ವರನಗರದ ನಮ್ಮ ಬಾಡಿಗೆ ಪೋರ್ಷನ್ನಿಗೆ ತಂದುಕೊಟ್ಟಾಗ, ಅದರಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಕೂಡದೆಂದು ಅಪ್ಪಣೆ ಮಾಡಿದೆ. ಹೆಂಡತಿ ಗಿರಿಜಾಗೆ ಮನೆ ಕಟ್ಟುವ ಆಟವೊಂದು ಬೇಕಿತ್ತು. ಅದನ್ನು ಇನ್‌ಸ್ಟಾಲ್ ಮಾಡಿಕೊಂಡೂ ಆಡಬಹುದಿತ್ತು, ಬ್ರೌಸರಿನಲ್ಲಿ ತೆರೆದೂ ಆಡಬಹುದಿತ್ತು. "ಬ್ರೌಸರ್ ಅಂದ್ರೆ ದರ್ಶಿನಿ ಇದ್ದ ಹಾಗೆ ಕಣೇ. ನಿಂತು ತಿಂದು ಬಂದ್ರಾಯ್ತು, ಪಾತ್ರೆ ತೊಳೆಯೋ ತಾಪತ್ರಯ ಇಲ್ಲ" ಎಂದೆ. ಮನೆಯಲ್ಲಿ ಪಾತ್ರೆ ತೊಳೆಯುವವಳು ಅವಳೇ ಆದ್ದರಿಂದ ಒಪ್ಪಿಕೊಂಡಳು.

ಎರಡು ತಿಂಗಳು ನಡುಮನೆಯಲ್ಲಿ ನಿಂತು ಗಾಳಿಯಲ್ಲಿ ಕೈಯಾಡಿಸುತ್ತ ಕಟ್ಟಿದಳು. ಒಮ್ಮೆ ನನಗೂ ತೋರಿಸಿದಳು. ದೇವರ ಮನೆ, ತುಳಸಿಕಟ್ಟೆ, ಗೋಡೆಗಳ ತುಂಬ ಪಟಗಳು. ಇಷ್ಟೊಂದು ಪಟ ಯಾಕೆಂದು ಕೇಳಿದೆ. "ಇಪ್ಪತ್ತು ವರ್ಷದಿಂದ ಸಿಕ್ಕ ಓನರೆಲ್ಲ ಗೋಡೆಗೆ ಮೊಳೆ ಹೊಡೀಬೇಡಿ ಅಂದ್ರಲ್ಲ, ಅದಕ್ಕೇ" ಎಂದಳು. ನಮ್ಮ ಮದುವೆಯ ಫೋಟೊ ಇಂದಿಗೂ ಬೀರುವಿನ ಮೇಲೆ ಗೋಡೆಗೊರಗಿ ನಿಂತಿದೆ.

ಇದೆಲ್ಲ ಮಕ್ಕಳಾಟವೆಂದು ಮೂಗು ಮುರಿಯುತ್ತಿದ್ದ ನಾನು, ಅವಳು ತರಕಾರಿಗೆ ಹೋದಾಗ ಕದ್ದು ಅದೇ ಬ್ರೌಸರಿನಲ್ಲಿ ಗಾಳಿಪಟದ ಆಟವಾಡುತ್ತಿದ್ದೆ. ಒಂದು ದಿನ ಗೇಟಿನ ಸದ್ದಾಯಿತು. ಗುಟ್ಟು ರಟ್ಟಾದೀತೆಂಬ ಗಾಬರಿಯಲ್ಲಿ ಬ್ರೌಸರಿನ ಹಿಸ್ಟರಿ, ಅದರ ಕೆಳಗಿದ್ದ ಏನೇನೋ, ಎಲ್ಲಕ್ಕೂ ಟಿಕ್ ಹಾಕಿ ಅಳಿಸಿದೆ. ಸಂಜೆ ಗಿರಿಜಾ ಹೆಡ್‌ಸೆಟ್ ಹಾಕಿಕೊಂಡು ಸುತ್ತಲೂ ಒಮ್ಮೆ ತಿರುಗಿ ನೋಡಿದಳು. "ರೀ, ನನ್ ಮನೆ ಇಲ್ಲ. ಖಾಲಿ ಜಾಗ ಇದೆ."

ಇನ್‌ಸ್ಟಾಲ್ ಮಾಡದ ಆಟ ಅವಳ ಮನೆಯನ್ನು ಬ್ರೌಸರಿನ ಆ ಏನೇನೋಗಳಲ್ಲೇ ಉಳಿಸಿಟ್ಟಿತ್ತೆಂದು ಆಗ ಹೊಳೆಯಿತು. ಹೆಂಡತಿಗೆ ಮನೆ ಕಟ್ಟಿಸಿಕೊಡದ ಗಂಡಂದಿರು ಬೇಕಾದಷ್ಟಿದ್ದಾರೆ, ಅವಳೇ ಕಟ್ಟಿಕೊಂಡದ್ದನ್ನು ಬೆರಳಲ್ಲಿ ಕೆಡವಿದವನು ನಾನೊಬ್ಬನೇ ಇರಬೇಕು. ಗಾಳಿಪಟದ ಸಮೇತ ಎಲ್ಲ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಆ ಆಘಾತದಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ.

ಮರುದಿನವೇ ಆಟವನ್ನು ಇನ್‌ಸ್ಟಾಲ್ ಮಾಡಿ ಪಾಯದಿಂದ ಶುರುಮಾಡಿದಳು. ನಿನ್ನೆ ಕರೆದು ಹೆಡ್‌ಸೆಟ್ ತೊಡಿಸಿದಳು. ಮನೆ ಮೊದಲಿಗಿಂತ ದೊಡ್ಡದು. ಹೊರಗಡೆಯಿಂದ ಮಹಡಿಗೆ ಮೆಟ್ಟಿಲು, ಮೇಲೊಂದು ಒಂಟಿ ಕೋಣೆ.

"ಇದು ಯಾರಿಗೇ?"

"ನಿಮಗೇ ರೀ. ಬಾಡಿಗೆಗೆ."

ಕ್ಷಮೆ ಸಿಕ್ಕಿತೆಂದು ಹಿಗ್ಗಿ ಬಾಗಿಲು ತೆರೆದೆ. ಬರಿಗೋಡೆಗಳಿದ್ದವು. ಹಿಂದಿನಿಂದ ಓನರಮ್ಮನ ದನಿ ಕೇಳಿಸಿತು: "ಗೋಡೆಗೆ ಮಾತ್ರ ಮೊಳೆ ಹೊಡೀಬೇಡಿ."